ಉಸಿರು ಮರಳುವವರೆಗೆ: ತಾಲ್ಲೂಕು ಆಸ್ಪತ್ರೆಯೂ ಸ್ನಾಯು ಸಡಿಲಿಸುವ ಮದ್ದುಗಳೂ

ರಾಷ್ಟ್ರೀಯ ಹೆದ್ದಾರಿ 766 ಕೇರಳದ ಕೋಯಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರಿಗೆ ಬರುತ್ತದೆ. ಅಲ್ಲಿಂದ ಮುಂದೆ ತಿ. ನರಸೀಪುರದ ಮೇಲೆ ಹಾಯ್ದು ಕೊಳ್ಳೇಗಾಲ ಮುಟ್ಟುತ್ತದೆ. ಮೈಸೂರಿಗೆ ಆ ಮಗ್ಗುಲಲ್ಲಿ ಸುಮಾರು 25 ಕಿ.ಮೀ. ದೂರದ ನಂಜನಗೂಡಿನಲ್ಲಿ, ಈ ಮಗ್ಗುಲಲ್ಲಿ ಸುಮಾರು 30 ಕಿ.ಮೀ. ದೂರದ ತಿ. ನರಸೀಪುರದಲ್ಲಿ ಒಂದೊಂದು ತಾಲ್ಲೂಕು ಆಸ್ಪತ್ರೆ. ಕಪಿಲೆ, ಕಾವೇರಿಯ ನಾಲೆಗಳ ಕೆಳಗಿನ ಕಬ್ಬು, ಭತ್ತದ ಗದ್ದೆಗಳಲ್ಲಿ ಹಾವು ಕಡಿಸಿಕೊಂಡವರು ಈ ಆಸ್ಪತ್ರೆಗಳಿಗೆ ಬರುತ್ತಾರೆ. ಬೆಳೆಗೆಂದು ತಂದಿಟ್ಟ ಕೀಟನಾಶಕ ಕುಡಿದವರು ಬರುತ್ತಾರೆ. ತುರ್ತಾಗಿ ಸಿಸೇರಿಯನ್ ಆಗಬೇಕಾದ ಬಸುರಿಯರು ಬರುತ್ತಾರೆ. ಮೇಲುನೋಟಕ್ಕೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಈ ಮೂವರ ಪ್ರಾಣವೂ ಒಂದೇ ಜಾಗದಲ್ಲಿ ನಿಂತಿರಬಹುದು. ಅದು ನರದ ತುದಿ ಸ್ನಾಯುವನ್ನು ಸಂಧಿಸುವ ಎಡೆ. ಆ ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ಕಿರಿದು.

ಅರಿವಳಿಕೆ ತಜ್ಞರು ದಿನನಿತ್ಯ ಬಳಸುವ ಸ್ನಾಯು ಸಡಿಲಿಸುವ ಮದ್ದುಗಳು ಕೆಲಸ ಮಾಡುವುದೂ ಇದೇ ಸಂದಿನಲ್ಲಿ. ಆಪರೇಷನ್ ಥಿಯೇಟರಿನಲ್ಲಿ ಇವನ್ನು ರಿಲ್ಯಾಕ್ಸೆಂಟ್ ಎನ್ನುತ್ತಾರೆ. ಗಂಟಲೊಳಗೆ ಉಸಿರಿನ ಟ್ಯೂಬ್ ಇಳಿಸಲು, ಹೊಟ್ಟೆ ಬಿಗಿಹಿಡಿಯದಂತೆ ನೋಡಿಕೊಳ್ಳಲು ಇವು ಬೇಕೇ ಬೇಕು. ಪಠ್ಯಪುಸ್ತಕಗಳು ಇವುಗಳನ್ನು ಹೇಗೆ ಕೆಲಸ ಮಾಡುತ್ತವೆ ಎಂಬ ಕ್ರಮದಲ್ಲಿ ಜೋಡಿಸುತ್ತವೆ. ದೊಡ್ಡ ಆಸ್ಪತ್ರೆಯಲ್ಲಿ ಕಲಿಯುವವರಿಗೆ ಆ ಕ್ರಮ ಸರಿ. ಆದರೆ ಒಬ್ಬರೇ ಅರಿವಳಿಕೆ ವೈದ್ಯರಿದ್ದು, ಪಕ್ಕದಲ್ಲಿ ಐಸಿಯು ಇಲ್ಲದ ಕಡೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಈ ಮದ್ದು ಕೊಟ್ಟ ಮೇಲೆ ರೋಗಿಯ ಸ್ವಂತ ಉಸಿರು ಯಾವಾಗ ಮರಳುತ್ತದೆ, ಮರಳಿದೆ ಎಂದು ನಮಗೆ ಗೊತ್ತಾಗುವುದು ಹೇಗೆ? ಈ ಲೇಖನದಲ್ಲಿ ಮದ್ದುಗಳನ್ನು ಆ ಪ್ರಶ್ನೆಯಿಂದಲೇ ತೂಗಿ ನೋಡಿದ್ದೇನೆ.

ಮೊದಲು ಆ ಸಂದಿನ ವ್ಯವಹಾರ. ನರದ ತುದಿಗೆ ಸಂಕೇತ ಬಂದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತುಂಬಿಟ್ಟುಕೊಂಡ ಪುಟ್ಟ ಕೋಶಿಕೆಗಳು ಅದನ್ನು ಸಂದಿಗೆ ಸುರಿಯುತ್ತವೆ. ಆಚೆ ಬದಿಯ ಸ್ನಾಯುವಿನ ಮೇಲೆ ಅದಕ್ಕೆಂದೇ ಗ್ರಾಹಕಗಳಿವೆ. ಒಂದೊಂದು ಗ್ರಾಹಕವೂ ಐದು ಪ್ರೋಟೀನ್ ತುಂಡುಗಳು ಸುತ್ತ ನಿಂತು ನಡುವೆ ರಂಧ್ರ ಬಿಟ್ಟಂಥ ರಚನೆ. ಅದರ ಎರಡು ತಾಣಗಳಲ್ಲಿ ಅಸಿಟೈಲ್‌ಕೋಲಿನ್ ಬಂದು ಕೂತರೆ ರಂಧ್ರ ತೆರೆಯುತ್ತದೆ, ಸೋಡಿಯಂ ಒಳಹರಿಯುತ್ತದೆ, ಸ್ನಾಯು ಕುಗ್ಗುತ್ತದೆ. ಅಲ್ಲೇ ಕಾದಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಕ್ಷಣಮಾತ್ರದಲ್ಲಿ ಆ ರಾಸಾಯನಿಕವನ್ನು ಒಡೆದುಹಾಕುತ್ತದೆ. ಹೀಗಾಗಿ ಮುಂದಿನ ಸಂಕೇತಕ್ಕೆ ದಾರಿ ತೆರವಾಗುತ್ತದೆ.

ಇದನ್ನು ಕೆಡಿಸಲು ನಾಲ್ಕು ದಾರಿಗಳಿವೆ. ನಮ್ಮ ಎರಡು ತಾಲ್ಲೂಕುಗಳಲ್ಲಿ ನಾಲ್ಕೂ ಕಾಣಸಿಗುತ್ತವೆ. ಗ್ರಾಹಕದ ಮೇಲೆ ಕೂತು ಏನೂ ಮಾಡದೆ ಜಾಗ ಹಿಡಿದುಕೊಳ್ಳುವುದು ಒಂದು: ವೆಕ್ಯುರೋನಿಯಂ, ಅಟ್ರಾಕ್ಯುರಿಯಂ ಮಾಡುವುದು ಇದನ್ನೇ, ನಾಗರಹಾವಿನ ವಿಷ ಮಾಡುವುದೂ ಇದನ್ನೇ. ಗ್ರಾಹಕವನ್ನು ತೆರೆದು ಮತ್ತೆ ಮುಚ್ಚಗೊಡದೆ ಕೂರುವುದು ಇನ್ನೊಂದು, ಅದು ಸಕ್ಸಿನೈಲ್‌ಕೋಲಿನ್‌ನ ರೀತಿ. ಕಿಣ್ವವನ್ನೇ ಕೆಡಿಸಿ ಸಂದಿನಲ್ಲಿ ಅಸಿಟೈಲ್‌ಕೋಲಿನ್ ತುಂಬಿ ತುಳುಕುವಂತೆ ಮಾಡುವುದು ಮೂರನೆಯದು. ಆರ್ಗನೋಫಾಸ್ಫರಸ್ ಕೀಟನಾಶಕಗಳ ಕೆಲಸ ಅದು. ನಾಲ್ಕನೆಯದು ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರದಂತೆ ತಡೆಯುವುದು. ಕಟ್ಟುಹಾವಿನ ವಿಷ ಮುಖ್ಯವಾಗಿ ನರದ ತುದಿಯನ್ನೇ ಹಾಳುಗೆಡವುತ್ತದೆ. ಬಸುರಿಗೆ ಫಿಟ್ಸ್ ಬಾರದಿರಲೆಂದು ಕೊಡುವ ಮೆಗ್ನೀಷಿಯಂ ಸಲ್ಫೇಟ್ ಕೂಡ ಸೌಮ್ಯವಾಗಿ ಅದೇ ತುದಿಯನ್ನು ಅದುಮುತ್ತದೆ.

ಈ ಮದ್ದುಗಳ ಚರಿತ್ರೆಯನ್ನು ದಕ್ಷಿಣ ಅಮೆರಿಕದ ಕಾಡಿನವರು ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆಯಿಂದ ಆರಂಭಿಸುವುದು ವಾಡಿಕೆ. ಹತ್ತೊಂಬತ್ತನೇ ಶತಮಾನದ ನಡುವೆ ಫ್ರಾನ್ಸಿನ ಕ್ಲೋದ್ ಬೆರ್ನಾರ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ಈ ವಿಷ ನರವನ್ನೂ ಕೊಲ್ಲುವುದಿಲ್ಲ, ಸ್ನಾಯುವನ್ನೂ ಕೊಲ್ಲುವುದಿಲ್ಲ, ಅವೆರಡರ ನಡುವಿನ ಮಾತುಕತೆಯನ್ನು ಮಾತ್ರ ತಡೆಯುತ್ತದೆ ಎಂದು ತೋರಿಸಿದ. 1935ರಲ್ಲಿ ಲಂಡನ್ನಿನ ಹೆರಾಲ್ಡ್ ಕಿಂಗ್ ಮ್ಯೂಸಿಯಂನಲ್ಲಿದ್ದ ಹಳೆಯ ಕ್ಯುರಾರೆ ಮಾದರಿಯೊಂದರಿಂದ ಅದರ ಸತ್ವವಾದ ಟ್ಯೂಬೋಕ್ಯುರಾರಿನ್ ಅನ್ನು ಬೇರ್ಪಡಿಸಿದ. 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಬಂದಿದ್ದ ಯುವಕನೊಬ್ಬನಿಗೆ ಕ್ಯುರಾರೆಯನ್ನು ಕೊಟ್ಟರು. ಅಲ್ಲಿಯವರೆಗೆ ಹೊಟ್ಟೆ ಸಡಿಲಾಗಬೇಕಾದರೆ ಈಥರನ್ನು ಪ್ರಾಣಕ್ಕೆ ಎರವಾಗುವಷ್ಟು ಆಳಕ್ಕೆ ಕೊಡಬೇಕಿತ್ತು. ಇನ್ನು ಮುಂದೆ ನಿದ್ದೆಗೆ ಒಂದು ಮದ್ದು, ಸಡಿಲಿಕೆಗೆ ಇನ್ನೊಂದು ಎಂದಾಯಿತು.

ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ಎರಡು ಘಟನೆಗಳು. 1947ರಲ್ಲಿ ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯ ನಿದ್ದೆಯ ಮದ್ದಿಲ್ಲದೆ ಪೂರ್ಣ ಪ್ರಮಾಣ ಮೀರಿ ಕ್ಯುರಾರೆಯನ್ನು ತನಗೇ ಕೊಡಿಸಿಕೊಂಡ. ಒಂದು ಬೆರಳೂ ಆಡಲಿಲ್ಲ, ಆದರೆ ಎಚ್ಚರ, ನೋವು, ನೆನಪು ಒಂದೂ ಹೋಗಲಿಲ್ಲ. ಸ್ನಾಯು ಸಡಿಲಿಸುವ ಮದ್ದಿಗೆ ಅರಿವನ್ನು ಅಳಿಸುವ ಶಕ್ತಿ ಕಿಂಚಿತ್ತೂ ಇಲ್ಲ ಎಂಬುದು ಹಾಗೆ ಸಂದೇಹಕ್ಕೆ ಎಡೆಯಿಲ್ಲದಂತೆ ತೀರ್ಮಾನವಾಯಿತು. ಬ್ರಿಟನ್ನಿನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯೊಂದು ಇದೇ ಮಾತನ್ನು ಅಂಕಿಗಳಲ್ಲಿ ಹೇಳಿತು. ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಿದ್ದೆನೆಂದು ತಾವಾಗಿ ದೂರಿದವರು ಈ ಮದ್ದು ಬಳಸಿದಾಗ ಸುಮಾರು 8,000ಕ್ಕೆ ಒಬ್ಬರು, ಬಳಸದಿದ್ದಾಗ ಸುಮಾರು 1,36,000ಕ್ಕೆ ಒಬ್ಬರು. ಎರಡನೆಯ ಘಟನೆ 1954ರದು. ಬೀಚರ್ ಮತ್ತು ಟಾಡ್ ಎಂಬವರು ಅಮೆರಿಕದ ಹತ್ತು ಆಸ್ಪತ್ರೆಗಳ ಲೆಕ್ಕ ತೆಗೆದು, ಕ್ಯುರಾರೆ ಬಳಸಿದ ರೋಗಿಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಸುಮಾರು ಆರು ಪಟ್ಟು ಹೆಚ್ಚು ಎಂದು ಬರೆದರು. ದೊಡ್ಡ ಗದ್ದಲವೆದ್ದಿತು. ಮದ್ದೇ ವಿಷವೋ, ಅಥವಾ ಅದು ಇಳಿಯುವ ಮೊದಲೇ ರೋಗಿಯನ್ನು ಬಿಟ್ಟುಬಿಡುತ್ತಿದ್ದರೋ? ಹಿಂದಿರುಗಿ ನೋಡಿದರೆ ಎರಡನೆಯದೇ ಹೆಚ್ಚು ಸಂಭವ. ಎಪ್ಪತ್ತು ವರ್ಷ ಕಳೆದರೂ ಆ ಅಪಾಯ ನಮ್ಮನ್ನು ಬಿಟ್ಟಿಲ್ಲ.

ತಾಲ್ಲೂಕು ಆಸ್ಪತ್ರೆಯ ಥಿಯೇಟರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ಸ್ಕೋಲಿನ್. ಸಕ್ಸಿನೈಲ್‌ಕೋಲಿನ್‌ಗೆ ಹಿಂದಿನಿಂದ ಬಂದ ವ್ಯಾಪಾರನಾಮ ಅದು. ಇದನ್ನು 1906ರಲ್ಲೇ ಹಂಟ್ ಮತ್ತು ತಾವೋ ಎಂಬಿಬ್ಬರು ಪರೀಕ್ಷಿಸಿದ್ದರು. ಅವರ ಪ್ರಯೋಗದ ಪ್ರಾಣಿಗಳಿಗೆ ಮೊದಲೇ ಕ್ಯುರಾರೆ ಕೊಟ್ಟಿದ್ದರಿಂದ ಸ್ನಾಯು ನಿಷ್ಕ್ರಿಯವಾಗುವ ಗುಣ ಕಣ್ಣಿಗೆ ಬೀಳದೇ ಹೋಯಿತು. 1949ರಲ್ಲಿ ದಾನಿಯೆಲ್ ಬೊವೆ ಅದನ್ನು ಗುರುತಿಸಿದ. ಮುಂದೆ 1957ರಲ್ಲಿ ಆತನಿಗೆ ನೊಬೆಲ್ ಬಂದಾಗ ಉಲ್ಲೇಖಿಸಿದ ಕೆಲಸಗಳಲ್ಲಿ ಇಂಥ ಮದ್ದುಗಳದ್ದೂ ಸೇರಿತ್ತು. ರಚನೆಯಲ್ಲಿ ಸ್ಕೋಲಿನ್ ಎಂದರೆ ಎರಡು ಅಸಿಟೈಲ್‌ಕೋಲಿನ್ ಅಣುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದಂತೆ. ಕಿಲೋಗೆ 1ರಿಂದ 1.5 ಮಿ.ಗ್ರಾಂ. ಕೊಟ್ಟರೆ ಮೈಯೆಲ್ಲ ಒಮ್ಮೆ ಅದುರಿ, ಒಂದು ನಿಮಿಷದೊಳಗೆ ದವಡೆ ಸಡಿಲಾಗುತ್ತದೆ. ಐದರಿಂದ ಹತ್ತು ನಿಮಿಷಕ್ಕೆ ಉಸಿರು ಮರಳುತ್ತದೆ. ಹೊಟ್ಟೆ ತುಂಬ ಉಂಡು ಬಂದು ಬೈಕಿನಿಂದ ಬಿದ್ದವನಿಗೆ, ರಕ್ತ ಹರಿಯುತ್ತಿರುವ ಬಸುರಿಗೆ ಟ್ಯೂಬ್ ಹಾಕಲು ಇಷ್ಟು ವೇಗದ, ಇಷ್ಟು ಅಗ್ಗದ ಮದ್ದು ಬೇರೆ ಇಲ್ಲ. ಮಾರನೆಯ ದಿನ ಕತ್ತು, ಬೆನ್ನು ಹಿಡಿದುಕೊಂಡ ನೋವು ಕೆಲವರಿಗೆ ಇರುತ್ತದೆ, ಅದು ಸಣ್ಣ ತೊಂದರೆ. ಸುಟ್ಟಗಾಯವಾಗಿ ದಿನಗಳು ಕಳೆದವರಲ್ಲಿ, ಲಕ್ವ ಹೊಡೆದು ಮಲಗಿದವರಲ್ಲಿ ಪೊಟ್ಯಾಸಿಯಂ ಏಕಾಏಕಿ ಏರಿ ಎದೆ ನಿಲ್ಲಬಹುದು. ಗುರುತಿಸದೇ ಉಳಿದ ಸ್ನಾಯುಕ್ಷಯವಿರುವ ಗಂಡುಮಕ್ಕಳಲ್ಲೂ ಹೀಗಾಗುವುದರಿಂದ ಮಕ್ಕಳಿಗೆ ಇದನ್ನು ತುರ್ತಿಗೆ ಮಾತ್ರ ಕಾದಿರಿಸುತ್ತಾರೆ.

ಸ್ಕೋಲಿನ್ ಹತ್ತು ನಿಮಿಷಕ್ಕೆ ಇಳಿಯುವುದು ರಕ್ತದಲ್ಲಿರುವ ಇನ್ನೊಂದು ಕಿಣ್ವದ ದಯೆಯಿಂದ. ಅದರ ಹೆಸರು ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್. ಲ್ಯಾಬ್ ಚೀಟಿಗಳಲ್ಲಿ ಸ್ಯೂಡೋಕೋಲಿನ್‌ಎಸ್ಟರೇಸ್ ಎಂದು ಬರೆಯುತ್ತಾರೆ. ಚುಚ್ಚಿದ ಮದ್ದಿನ ಬಹುಪಾಲನ್ನು ಅದು ಸ್ನಾಯು ತಲುಪುವ ಮುನ್ನವೇ ಒಡೆದುಹಾಕುತ್ತದೆ. ಆ ಕಿಣ್ವ ಕಡಿಮೆಯಿದ್ದರೆ ಅಥವಾ ಕೆಟ್ಟಿದ್ದರೆ ಹತ್ತು ನಿಮಿಷದ ಮದ್ದು ಗಂಟೆಗಟ್ಟಲೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಸ್ಕೋಲಿನ್ ಆಪ್ನಿಯ ಎಂದು ಹೆಸರು. ನಮ್ಮ ಸೀಮೆಯ ಮಟ್ಟಿಗೆ ಈ ಕಿಣ್ವದ ಕಥೆಯೇ ಇಡೀ ವಿಷಯದ ತಿರುಳು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಂದು, ಕೀಟನಾಶಕ. ಮೋನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ವಿಷಗಳು ಸಂದಿನ ಕಿಣ್ವವನ್ನೂ ರಕ್ತದ ಕಿಣ್ವವನ್ನೂ ಒಟ್ಟಿಗೆ ಕೆಡಿಸುತ್ತವೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 17 ಮಂದಿ ತೀರಿಕೊಂಡರು. ಪ್ರಸಾದದಲ್ಲಿ ಬೆರೆತಿದ್ದದ್ದು ಮೋನೋಕ್ರೋಟೋಫಾಸ್. ಗಂಭೀರ ಸ್ಥಿತಿಯಲ್ಲಿದ್ದವರನ್ನು ಮೈಸೂರಿನ ಆಸ್ಪತ್ರೆಗಳಿಗೆ ತಂದು ವೆಂಟಿಲೇಟರ್ ಹಾಕಬೇಕಾಯಿತು. ಇಂಥ ರೋಗಿಗಳಿಗೆ ಕೊಡುವ ಅಟ್ರೋಪಿನ್ ಎದೆಯಲ್ಲಿ ಕಟ್ಟಿದ ನೀರನ್ನು ಒಣಗಿಸುತ್ತದೆ, ನಿಧಾನಗೊಂಡ ಹೃದಯವನ್ನು ಎತ್ತುತ್ತದೆ. ಸ್ನಾಯುವಿನ ಸಂದಿನಲ್ಲಿ ಮಾತ್ರ ಅದು ನಿರುಪಯೋಗಿ. ಹೀಗಾಗಿ ಚೇತರಿಸಿಕೊಂಡಂತೆ ಕಂಡ ರೋಗಿ ಒಂದರಿಂದ ನಾಲ್ಕು ದಿನಗಳ ನಡುವೆ ತಲೆ ಎತ್ತಲಾಗದೆ, ಉಸಿರೆಳೆಯಲಾಗದೆ ಕುಸಿಯಬಹುದು. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬ ವೈದ್ಯರು 1987ರಲ್ಲಿ ಇದನ್ನು ಪ್ರತ್ಯೇಕ ಹಂತವೆಂದು ಗುರುತಿಸಿದರು. ಭತ್ತ ಬೆಳೆಯುವ ನಮ್ಮಂಥ ನಾಡಿನ ಅನುಭವದಿಂದಲೇ ಹುಟ್ಟಿದ ತಿಳಿವಳಿಕೆ ಇದು.

ವಿಷ ಕುಡಿದವರಿಗೆ ಟ್ಯೂಬ್ ಹಾಕುವಾಗ ಸ್ಕೋಲಿನ್ ಬಳಸಿದರೆ ಅದು ಗಂಟೆಗಳ ಕಾಲ ಇಳಿಯುವುದಿಲ್ಲ. ವೆಂಟಿಲೇಟರ್ ಕೈಯಲ್ಲಿದ್ದರೆ ಅದು ನಿಭಾಯಿಸಬಹುದಾದ ತೊಂದರೆ. ಆದರೆ ಇನ್ನೊಂದು ಗುಂಪಿದೆ, ಅವರ ಬಗ್ಗೆ ಯಾರೂ ಯೋಚಿಸುವುದಿಲ್ಲ: ವಿಷ ಕುಡಿಯದೆ, ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ದಿನಗಟ್ಟಲೆ ಔಷಧಿ ಹೊಡೆದ ಕೂಲಿಯವರು. ಅವರ ರಕ್ತದ ಕಿಣ್ವ ಅವರಿಗೇ ಗೊತ್ತಿಲ್ಲದಂತೆ ಇಳಿದಿರಬಹುದು. ಹರ್ನಿಯಾಕ್ಕೋ ಮುರಿದ ಕಾಲಿಗೋ ಆಪರೇಷನ್ ಎಂದು ಬಂದಾಗ ‘ಈ ವಾರ ಹೊಲಕ್ಕೆ ಔಷಧಿ ಹೊಡೆದಿದ್ದೀರಾ?’ ಎಂಬ ಒಂದು ಮಾತನ್ನು ನಂಜನಗೂಡಿನಲ್ಲಿ, ತಿ. ನರಸೀಪುರದಲ್ಲಿ ತಪ್ಪದೆ ಕೇಳಬೇಕು.

ಎರಡು, ಹುಟ್ಟು. 1950ರ ದಶಕದಲ್ಲಿ ಕೆನಡಾದ ವೆರ್ನರ್ ಕಾಲೊ ಈ ಕಿಣ್ವದ ವಂಶಪಾರಂಪರ್ಯ ದೋಷವನ್ನು ಡಿಬುಕೇನ್ ಎಂಬ ಮದ್ದಿನಿಂದ ಅಳೆಯುವ ಪರೀಕ್ಷೆ ಕಂಡುಹಿಡಿದ. ಸಾಮಾನ್ಯರಲ್ಲಿ ಡಿಬುಕೇನ್ ಸಂಖ್ಯೆ 80ರ ಆಸುಪಾಸು, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಪಡೆದವರಲ್ಲಿ 20ರ ಆಸುಪಾಸು. ಮದ್ದಿಗೂ ಜೀನಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಅಡಿಗಲ್ಲಾದ ಕೆಲಸಗಳಲ್ಲಿ ಇದೂ ಒಂದು. ಯುರೋಪಿನ ಮೂಲದವರಲ್ಲಿ ಈ ತೀವ್ರ ದೋಷ ಕೆಲವು ಸಾವಿರಕ್ಕೊಬ್ಬರಲ್ಲಿ ಮಾತ್ರ. ದಕ್ಷಿಣ ಭಾರತದ ಸಂಗತಿ ಬೇರೆ. ಆರ್ಯವೈಶ್ಯ ಸಮುದಾಯದಲ್ಲಿ ಈ ಕಿಣ್ವವನ್ನು ಹೆಚ್ಚುಕಡಿಮೆ ಇಲ್ಲವಾಗಿಸುವ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇರುವುದನ್ನು ಕೊಯಮತ್ತೂರಿನ ಸಂಶೋಧಕರು ಅಮೆರಿಕದವರ ಜತೆಗೂಡಿ 2006ರಲ್ಲಿ ಪ್ರಕಟಿಸಿದರು. ಇವರಲ್ಲಿ ಈ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಎಂಬ ಅಂದಾಜನ್ನು ದಕ್ಷಿಣ ಏಷ್ಯಾದ ಜೀನ್ ಚರಿತ್ರೆ ಕುರಿತ 2017ರ ಅಧ್ಯಯನವೂ ಎತ್ತಿಹೇಳಿತು. ಶತಮಾನಗಳ ಕಾಲ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದ ಯಾವುದೇ ಸಮುದಾಯದಲ್ಲಿ ಒಂದಲ್ಲ ಒಂದು ಜೀನ್ ಬದಲಾವಣೆ ಹೀಗೆ ಸೇರಿಕೊಂಡಿರುತ್ತದೆ.

ಇದನ್ನು ಎಚ್ಚರದಿಂದ ಹೇಳಬೇಕು. ಈ ಕಿಣ್ವವಿಲ್ಲದವರಿಗೆ ಯಾವ ಕಾಯಿಲೆಯೂ ಇಲ್ಲ. ಅವರ ಊಟ, ದುಡಿಮೆ, ಆಯಸ್ಸು ಯಾವುದಕ್ಕೂ ಅದರಿಂದ ಕುಂದಿಲ್ಲ. ಸ್ಕೋಲಿನ್ ಮತ್ತು ಅದರಂತೆಯೇ ಒಡೆಯುವ ಮಿವಾಕ್ಯುರಿಯಂ ಚುಚ್ಚಿದಾಗ ಮಾತ್ರ ಅದು ಬಯಲಾಗುತ್ತದೆ. ಯಾವ ಸಮುದಾಯದ ಮೇಲೂ ಇದು ಕಳಂಕವಲ್ಲ. ಜೊತೆಗೆ, ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಮದುವೆ ಮಾಡುವ ರೂಢಿ ಹಳೇ ಮೈಸೂರಿನ ಎಷ್ಟೋ ಜಾತಿಗಳಲ್ಲಿದೆ. ಆದ್ದರಿಂದ ಜಾತಿ ಕೇಳಿ ಉಳಿದವರನ್ನು ಬಿಡುವ ಬದಲು ಎಲ್ಲರನ್ನೂ ಕೇಳುವುದು ಸರಿ: ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗುವುದು, ಉಸಿರು ಬರುವುದು ತಡವಾಗಿತ್ತಾ?’ ಅನುಮಾನ ಬಂದರೆ ರಕ್ತದಲ್ಲಿ ಕಿಣ್ವದ ಮಟ್ಟ ಅಳೆಯಬಹುದು. ವಿಷ ಕುಡಿದವರಿಗೆಂದು ಮೈಸೂರಿನ ಲ್ಯಾಬುಗಳು ಮಾಡುವ ಪರೀಕ್ಷೆಯೇ ಇದು. ಆಪ್ನಿಯ ಆಗಿಯೇಬಿಟ್ಟರೆ ಮಾಡಬೇಕಾದದ್ದು ಸರಳ, ಆದರೆ ಬಹಳ ತಾಳ್ಮೆಯದು. ರೋಗಿಯನ್ನು ನಿದ್ದೆಯಲ್ಲೇ ಇಟ್ಟು, ಮದ್ದು ತಾನಾಗಿ ಇಳಿಯುವವರೆಗೆ ಉಸಿರು ಕೊಡುತ್ತ ಕೂರಬೇಕು, ವೆಂಟಿಲೇಟರ್ ಇಲ್ಲದಿದ್ದರೆ ಆಂಬು ಬ್ಯಾಗ್ ಒತ್ತುತ್ತ. ಉಸಿರು ಕೊಡುವ ಕೈ ನಿಲ್ಲದಿದ್ದರೆ ರೋಗಿ ಉಳಿಯುತ್ತಾರೆ. ಬೇರೆ ರಿಲ್ಯಾಕ್ಸೆಂಟ್ ಇಳಿಸಲು ಕೊಡುವ ನಿಯೋಸ್ಟಿಗ್ಮಿನ್ ಅನ್ನು ಗಾಬರಿಯಿಂದ ಚುಚ್ಚುವುದು ತಪ್ಪು. ಅದು ಉಳಿದಿರುವ ಅಷ್ಟಿಷ್ಟು ಕಿಣ್ವವನ್ನೂ ಕಟ್ಟಿಹಾಕುತ್ತದೆ.

ಬಸುರಿಯಲ್ಲಿ ಈ ಕಿಣ್ವ ಸಹಜವಾಗಿಯೇ ಕಾಲುಭಾಗದಷ್ಟು ಇಳಿದಿರುತ್ತದೆ. ಅಷ್ಟರಿಂದ ತೊಂದರೆಯಾಗುವುದು ಅಪರೂಪ. ತೊಂದರೆ ಬರುವುದು ರಕ್ತದೊತ್ತಡ ಏರಿ ಫಿಟ್ಸ್ ಬಂದವರಲ್ಲಿ. ಅವರಿಗೆ 4 ಗ್ರಾಂ ಮೆಗ್ನೀಷಿಯಂ ಸಲ್ಫೇಟನ್ನು ರಕ್ತನಾಳಕ್ಕೂ, 10 ಗ್ರಾಂ ಅನ್ನು ಪಿರ್ರೆಗಳಿಗೂ ಕೊಟ್ಟಿರುತ್ತಾರೆ. ಆಮೇಲೆ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡುವಾಗ ವೆಕ್ಯುರೋನಿಯಂ ಅನ್ನು ವಾಡಿಕೆಯ ಪ್ರಮಾಣದಲ್ಲಿ ಕೊಟ್ಟರೆ ಅದು ನಿರೀಕ್ಷೆಗಿಂತ ಎಷ್ಟೋ ಹೊತ್ತು ಹಿಡಿಯುತ್ತದೆ, ಕೊನೆಯಲ್ಲಿ ಇಳಿದಂತೆ ಕಂಡು ವಾರ್ಡಿನಲ್ಲಿ ಮತ್ತೆ ಸ್ನಾಯು ಸೋಲಬಹುದು. ಸೋಂಕಿಗೆಂದು ಕೊಡುವ ಜೆಂಟಾಮೈಸಿನ್ ಕೂಡ ಇದೇ ದಿಕ್ಕಿಗೆ ತಳ್ಳುತ್ತದೆ. ಬಹುಪಾಲು ಸಿಸೇರಿಯನ್‌ಗಳು ಈಗ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ನಡೆಯುತ್ತಿರುವುದು ತಾಯಂದಿರ ಪಾಲಿಗೆ ದೊಡ್ಡ ರಕ್ಷೆ. ತಜ್ಞರ ಕೊರತೆ ನೀಗಲು ಎಂಬಿಬಿಎಸ್ ವೈದ್ಯರಿಗೆ ವಾರಗಟ್ಟಲೆ ಅರಿವಳಿಕೆ ತರಬೇತಿ ಕೊಡುವ ಕೇಂದ್ರದ ಯೋಜನೆಯ ಒತ್ತು ಕೂಡ ಹೆರಿಗೆಯ ತುರ್ತುಗಳ ಮೇಲೆ. ಅವರ ಪಾಠದಲ್ಲಿ ಈ ಮೆಗ್ನೀಷಿಯಂ ಮಾತನ್ನು ಮೇಲಿಂದ ಮೇಲೆ ಹೇಳಬೇಕು.

ಗ್ರಾಹಕದ ಮೇಲೆ ಸುಮ್ಮನೆ ಕೂರುವ ಮದ್ದುಗಳಿಗೆ ಬರೋಣ. ಇವುಗಳಲ್ಲಿ ಆರಿಸುವಾಗ ದೊಡ್ಡಾಸ್ಪತ್ರೆಯವರು ಮೂತ್ರಪಿಂಡ, ಯಕೃತ್ತು ಎಂದು ಯೋಚಿಸುತ್ತಾರೆ. ತಾಲ್ಲೂಕಿನಲ್ಲಿ ಅದಕ್ಕೂ ಮೊದಲು ಫ್ರಿಜ್ ನೋಡಬೇಕು. ಸ್ಕೋಲಿನ್, ಅಟ್ರಾಕ್ಯುರಿಯಂ, ರೋಕ್ಯುರೋನಿಯಂ ಮೂರನ್ನೂ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಕರೆಂಟು ಹೋಗಿ ಏಪ್ರಿಲ್ ಬಿಸಿಲಿನಲ್ಲಿ ಬೆಚ್ಚಗಾದ ಸ್ಕೋಲಿನ್ ಸತ್ವ ಕಳೆದುಕೊಂಡಿರಬಹುದು. ಕೊಟ್ಟ ಮೇಲೆ ದವಡೆ ಅರೆಬರೆ ಸಡಿಲಾಗಿ, ಟ್ಯೂಬ್ ಇಳಿಯದೆ, ಮತ್ತೆ ಮತ್ತೆ ಕೊಡುವ ಪ್ರಸಂಗ ಬರಬಹುದು. ಒಣ ಪುಡಿಯಾಗಿ ಬರುವ ವೆಕ್ಯುರೋನಿಯಂಗೆ ಮಾತ್ರ ಈ ಕಾಟವಿಲ್ಲ. ಕೊಠಡಿಯ ಉಷ್ಣತೆಯಲ್ಲೇ ಇಟ್ಟು ಬೇಕಾದಾಗ ನೀರು ಬೆರೆಸಿಕೊಳ್ಳಬಹುದು. ಕಿಲೋಗೆ 0.1 ಮಿ.ಗ್ರಾಂ. ಕೊಟ್ಟರೆ ಮೂರು ನಿಮಿಷಕ್ಕೆ ಹಿಡಿದು, ಅರ್ಧ ಗಂಟೆಯ ಮೇಲೆ ಇಳಿಯತೊಡಗುತ್ತದೆ. ಸಣ್ಣ ಊರಿನ ಆಸ್ಪತ್ರೆಗೆ ನನ್ನ ಆಯ್ಕೆ ಇದು.

ಅಟ್ರಾಕ್ಯುರಿಯಂ ಅನ್ನು ಮೆಚ್ಚಲು ಬೇರೆ ಕಾರಣವಿದೆ. ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಸ್ಟೆನ್‌ಲೇಕ್ ಮತ್ತು ಸಂಗಡಿಗರು ಬೇಕೆಂದೇ ತಾನಾಗಿ ಮುರಿದುಬೀಳುವ ಅಣುವನ್ನು ಕಟ್ಟಿದರು. ಹತ್ತೊಂಬತ್ತನೇ ಶತಮಾನದಲ್ಲಿ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಗುರುತಿಸಿದ್ದ ಕ್ರಿಯೆ ಅದು. ಮೈಯ ಬಿಸಿ ಮತ್ತು ರಕ್ತದ ಕ್ಷಾರಗುಣ ಸಾಕು, ಮೂತ್ರಪಿಂಡವೂ ಬೇಡ, ಯಕೃತ್ತೂ ಬೇಡ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗೂ ಉಸಿರು ಮರಳುವ ಹೊತ್ತು ಹೆಚ್ಚು ಬದಲಾಗುವುದಿಲ್ಲ. ನಾನು ಎತ್ತಿದ ಪ್ರಶ್ನೆಗೆ ರಸಾಯನಶಾಸ್ತ್ರ ಕೊಟ್ಟ ಅತ್ಯಂತ ಚೆಂದದ ಉತ್ತರ ಇದೇ. ಮೈ ಬಿಸಿಯಲ್ಲಿ ಒಡೆಯುವ ಗುಣವೇ ಅದನ್ನು ಫ್ರಿಜ್ಜಿಗೆ ಕಟ್ಟಿಹಾಕಿದೆ ಎಂಬುದು ಬೇರೆ ಮಾತು. ರೋಕ್ಯುರೋನಿಯಂ 1990ರ ದಶಕದಲ್ಲಿ ಬಂದದ್ದು. ಕಿಲೋಗೆ 1.2 ಮಿ.ಗ್ರಾಂ. ಕೊಟ್ಟರೆ ಸ್ಕೋಲಿನ್‌ನಷ್ಟೇ ವೇಗ, ಆದರೆ ಒಂದು ಗಂಟೆ ಇಳಿಯುವುದಿಲ್ಲ. ವಿಷ ಕುಡಿದವರಿಗೆ, ಸುಟ್ಟಗಾಯವಾದವರಿಗೆ ಇದೇ ಸರಿ. ಹಳೆಯ ಪ್ಯಾಂಕ್ಯುರೋನಿಯಂ ಬಹಳ ಹೊತ್ತು ಉಳಿಯುತ್ತದೆ, ಅದನ್ನು ಬದಿಗಿಡುವುದೇ ಒಳ್ಳೆಯದು.

ಇಳಿಸುವುದಕ್ಕೆ ನಮ್ಮಲ್ಲಿರುವ ಹಳೆಯ ಆಸರೆ ನಿಯೋಸ್ಟಿಗ್ಮಿನ್, ಥಿಯೇಟರಿನ ಮಾತಿನಲ್ಲಿ ‘ರಿವರ್ಸಲ್’. ಅದು ಸಂದಿನ ಕಿಣ್ವವನ್ನು ತಾತ್ಕಾಲಿಕವಾಗಿ ತಡೆದು ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ, ಹೆಚ್ಚಿದ್ದು ಮದ್ದನ್ನು ಪೈಪೋಟಿಯಲ್ಲಿ ತಳ್ಳುತ್ತದೆ. ಹೃದಯ ನಿಧಾನವಾಗದಿರಲು ಗ್ಲೈಕೋಪೈರೊಲೇಟ್ ಜೊತೆಗಿರಬೇಕು. ನಾಗರಹಾವು ಕಡಿದವರಿಗೆ ಪ್ರತಿವಿಷದ ಜೊತೆ ಕೊಡುವುದೂ ಇದೇ ಮದ್ದು: 1.5ರಿಂದ 2 ಮಿ.ಗ್ರಾಂ. ನಿಯೋಸ್ಟಿಗ್ಮಿನ್, ಅದಕ್ಕೆ ಮುನ್ನ 0.6 ಮಿ.ಗ್ರಾಂ. ಅಟ್ರೋಪಿನ್. ಜೋತುಬಿದ್ದ ರೆಪ್ಪೆ ಒಂದು ಗಂಟೆಯೊಳಗೆ ಮೇಲೆದ್ದರೆ ಮುಂದುವರಿಸುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವೇ ಇಲ್ಲದಂತೆ ಕಡಿಯುವ ಕಟ್ಟುಹಾವಿನ ವಿಷಕ್ಕೆ ಇದು ಸಾಮಾನ್ಯವಾಗಿ ನಾಟುವುದಿಲ್ಲ. ಕೆಟ್ಟ ನರದ ತುದಿ ಮತ್ತೆ ಬೆಳೆಯುವವರೆಗೆ ದಿನಗಟ್ಟಲೆ ವೆಂಟಿಲೇಟರೇ ಗತಿ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸ್ವಾಗತಾರ್ಹ. ಥಿಯೇಟರಿನಲ್ಲಿ ಉಸಿರು ಕೊಡುವ ಕೌಶಲವಿರುವ ಅರಿವಳಿಕೆ ವೈದ್ಯರನ್ನು ಈ ರೋಗಿಗಳ ಪಕ್ಕಕ್ಕೂ ಕರೆಯುವ ಪದ್ಧತಿ ಅದರ ಮುಂದಿನ ಹೆಜ್ಜೆಯಾಗಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಕಷ್ಟದ ಮಾತು: ಮದ್ದು ಇಳಿದಿದೆ ಎಂದು ತಿಳಿಯುವುದು. ಸ್ನಾಯುವಿನ ಮೇಲೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಗ್ರಾಹಕಗಳಿವೆ. ನೂರರಲ್ಲಿ 70-75 ಮುಚ್ಚಿದರೂ ಬಲಹೀನತೆ ಕಾಣಿಸುವುದಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯ ತೇರಿನ ಹಗ್ಗದಿಂದ ಮುಕ್ಕಾಲು ಜನ ಕೈಬಿಟ್ಟರೂ ತೇರು ಉರುಳುತ್ತಲೇ ಇದ್ದಂತೆ. ಇನ್ನು ನಾಲ್ಕು ಜನ ಬಿಟ್ಟರೆ ಅದು ನಿಲ್ಲುತ್ತದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ರೋಗಿ ಕಣ್ಣು ಬಿಡುತ್ತಾರೆ, ಕೈ ಹಿಸುಕುತ್ತಾರೆ, ಐದು ಸೆಕೆಂಡು ತಲೆ ಎತ್ತುತ್ತಾರೆ. ಅಷ್ಟಾದರೂ ಗಂಟಲಿನ ಸ್ನಾಯುಗಳು ಇನ್ನೂ ಸೋತಿರಬಹುದು. ಜೊಲ್ಲು ಶ್ವಾಸಕೋಶಕ್ಕೆ ಇಳಿಯಬಹುದು, ನಾಲಿಗೆ ಹಿಂದೆ ಬಿದ್ದು ಆಮ್ಲಜನಕ ಕುಸಿಯಬಹುದು. 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈಗ ಬಳಕೆಯಲ್ಲಿರುವ ಮದ್ದುಗಳನ್ನು ಪಡೆದವರಲ್ಲಿ ಶೇ 40ರ ಆಸುಪಾಸಿನ ಜನರಲ್ಲಿ ಹೀಗೆ ಶೇಷ ಉಳಿದಿದ್ದು ಕಂಡಿತು. ಅದೂ ಸಕಲ ಸೌಕರ್ಯವಿದ್ದ ಆಸ್ಪತ್ರೆಗಳಲ್ಲಿ.

ಮಣಿಕಟ್ಟಿನ ನರಕ್ಕೆ ಎರಡು ಸೆಕೆಂಡಿನಲ್ಲಿ ನಾಲ್ಕು ಸಲ ಸಣ್ಣ ವಿದ್ಯುತ್ ಕೊಟ್ಟು ಹೆಬ್ಬೆರಳು ಹೇಗೆ ಮಿಡಿಯುತ್ತದೆ ಎಂದು ನೋಡುವ ವಿಧಾನ 1970ರಿಂದಲೂ ಇದೆ. ನಾಲ್ಕನೇ ಮಿಡಿತ ಮೊದಲನೆಯದರ ಶೇ 90ರಷ್ಟಾದರೂ ಇರಬೇಕು. ಬೆರಳಿಂದ ಮುಟ್ಟಿ ನೋಡಿದರೆ ಶೇ 40 ದಾಟಿದ ಮೇಲಿನ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ಅಳೆಯುವ ಯಂತ್ರವೇ ಬೇಕು. ಅಮೆರಿಕ ಮತ್ತು ಯುರೋಪಿನ ಅರಿವಳಿಕೆ ಸಂಘಗಳು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಅಳೆಯುವ ಯಂತ್ರವನ್ನೇ ಬಳಸಿ ಎನ್ನುತ್ತವೆ. ರೋಕ್ಯುರೋನಿಯಂ ಮತ್ತು ವೆಕ್ಯುರೋನಿಯಂ ಅಣುಗಳನ್ನು ತನ್ನೊಳಗೆ ಸೆರೆಹಿಡಿಯುವ ಸುಗಮ್ಮಡೆಕ್ಸ್ 2008ರಲ್ಲಿ ಯುರೋಪಿಗೂ 2015ರಲ್ಲಿ ಅಮೆರಿಕಕ್ಕೂ ಬಂತು. ಆಳವಾಗಿ ಹಿಡಿದ ಮದ್ದನ್ನೂ ಅದು ನಿಮಿಷಗಳಲ್ಲಿ ಇಳಿಸುತ್ತದೆ, ಬೆಲೆ ನಿಯೋಸ್ಟಿಗ್ಮಿನ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ತಾಲ್ಲೂಕು ಆಸ್ಪತ್ರೆಗೆ ಹಣ ಬಂದರೆ ಮೊದಲು ಯಾವುದನ್ನು ಕೊಳ್ಳಬೇಕು? ಅಳೆಯುವ ಯಂತ್ರವನ್ನು ಎಂಬುದು ನನ್ನ ಖಚಿತ ಉತ್ತರ. ಯಂತ್ರವಿದ್ದರೆ ಅಗ್ಗದ ನಿಯೋಸ್ಟಿಗ್ಮಿನ್ ಅನ್ನೇ ಸರಿಯಾದ ಹೊತ್ತಿಗೆ, ಅಂದರೆ ನಾಲ್ಕೂ ಮಿಡಿತ ಮರಳಿದ ಮೇಲೆ ಕೊಟ್ಟು, ಹತ್ತು ಹದಿನೈದು ನಿಮಿಷ ಕಾದು, ಶೇ 90 ಮುಟ್ಟಿತೇ ಎಂದು ನೋಡಬಹುದು. ಯಂತ್ರವಿಲ್ಲದೆ ಕೊಟ್ಟ ಸುಗಮ್ಮಡೆಕ್ಸ್ ಕೂಡ ಒಂದು ಊಹೆ ಮಾತ್ರ. ತುರ್ತಿಗೆಂದು ಎರಡು ವಯಲ್ ಸುಗಮ್ಮಡೆಕ್ಸ್ ಬೀರುವಿನಲ್ಲಿರಲಿ, ಆದರೆ ಆಮೇಲೆ.

ಯಂತ್ರ ಬರುವವರೆಗೂ ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೊಂದಿದೆ. ಈ ಎರಡು ಊರುಗಳಿಂದ ಟ್ಯೂಬ್ ಹಾಕಿಸಿಕೊಂಡ ರೋಗಿಯನ್ನು 108 ಆಂಬುಲೆನ್ಸಿನಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಜೆಎಸ್ಎಸ್ ಆಸ್ಪತ್ರೆಗೋ ಕಳಿಸುವಾಗ ಬರೆಯುವ ಚೀಟಿಯಲ್ಲಿ ಯಾವ ರಿಲ್ಯಾಕ್ಸೆಂಟ್, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ರಿವರ್ಸಲ್ ಕೊಟ್ಟಿದೆಯೇ ಇಲ್ಲವೇ, ಮೆಗ್ನೀಷಿಯಂ ಕೊಟ್ಟಿದ್ದರೆ ಎಷ್ಟು, ಹಾವು ಕಡಿತವೋ ಕೀಟನಾಶಕವೋ ಎಂದಿಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು, ಅದನ್ನು ಚಾಲಕನ ಕೈಗೆ ಕೊಡದೆ ರೋಗಿಯ ಎದೆಯ ಮೇಲಿನ ಹೊದಿಕೆಗೆ ಪಿನ್ ಮಾಡಬೇಕು. ಸ್ಕೋಲಿನ್ ಆಪ್ನಿಯ ಆಗಿದ್ದರೆ ಅದೇ ವಿವರವನ್ನು ಇನ್ನೊಂದು ಹಾಳೆಯಲ್ಲಿ ಬರೆದು ಮನೆಯವರಿಗೆ ಕೊಡಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಯಾವ ಆಸ್ಪತ್ರೆಗೆ ಹೋದರೂ ಆಪರೇಷನ್‌ಗೆ ಮೊದಲು ಅದನ್ನು ತೋರಿಸಲಿ.